ನಾಲ್ಕು ಬೆರಳಿನ ಸಂದು

ಏಪ್ರಿಲ್ 28, ಸೋಮವಾರ

ಈ ಪುಸ್ತಕ ನನ್ನದಲ್ಲ, ಗ್ಯಾರೇಜಿನದು. ಇವರ ಬಲಗೈಗೆ ಪ್ಲಾಸ್ಟರ್ ಬಿದ್ದು ಹನ್ನೆರಡು ದಿನವಾಯಿತು. ಪೆನ್ನು ಹಿಡಿಯಲು ಬರುವುದಿಲ್ಲ, ಅಳತೆಗಳನ್ನೆಲ್ಲ ನೀನೇ ಬರೆದಿಡು ಎಂದು ಇವತ್ತು ಕೈಗೆ ಕೊಟ್ಟರು. ಮುಂದಿನಿಂದ ಅಳತೆ ಬರೆಯುತ್ತೇನೆ. ಹಿಂದಿನಿಂದ ನನ್ನ ಹೊಟ್ಟೆಯುರಿ ಬರೆಯುತ್ತೇನೆ. ಇವರು ಹಿಂದಿನ ಹಾಳೆ ತಿರುಗಿಸುವವರಲ್ಲ, ಮುಂದಿನದನ್ನೇ ಓದಿದ್ದು ನಾನು ಕಂಡಿಲ್ಲ.

ಎದುರಿಗೆ ಗೋಳಿಕೊಪ್ಪದ ಚೌಡಣ್ಣನ ಸಣ್ಣ ಲಾರಿ ಚಿರೆಕಲ್ಲುಗಳ ಮೇಲೆ ಕೂತಿದೆ. ಮುಂದಿನ ಚಕ್ರವಿಲ್ಲ, ಭಾರ ಹೊರುವ ಕಮಾನು ಪಟ್ಟಿಯಿಲ್ಲ, ಎಕ್ಸೆಲ್ ಇಲ್ಲ. ಹಿಂದಿನ ಚಕ್ರ ಮಾತ್ರ ಎಳೆಯುವ ಗಾಡಿ ಅದು. ಮುಂದಿನ ಚಕ್ರವೂ ಎಳೆಯುವ ಹಾಗೆ ಫೋರ್ ವೀಲ್ ಮಾಡಿಕೊಡುತ್ತೇನೆ ಎಂದು ಇವರು ಮಾತು ಕೊಟ್ಟರು. ಚೌಡಣ್ಣ ಆಫೀಸಿಗೆ ಅಲೆದು ಒಪ್ಪಿಗೆಯ ಕಾಗದವನ್ನೂ ಮಾಡಿಸಿ ತಂದ. ಮುಂಭಾಗ ಬಿಚ್ಚಿದ ಮೂರನೇ ದಿನವೇ ಜಾಕ್ ಜಾರಿ ಇವರ ಮಣಿಕಟ್ಟು ಮುರಿಯಿತು. ಜೂನ್ ಹನ್ನೊಂದರವರೆಗೆ ಪ್ಲಾಸ್ಟರ್ ತೆಗೆಯುವ ಹಾಗಿಲ್ಲ.

ಅಲ್ಲಿಯವರೆಗೆ ಈ ಪೀಡೆಯನ್ನು ನೋಡಿಕೊಂಡೇ ನಾನು ಬಟ್ಟೆ ಹೊಲಿಯಬೇಕು. ಮದುವೆ ಕಾಲ, ಹದಿನೇಳು ಬ್ಲೌಸ್ ಬಾಕಿ ಇದೆ. ಹೊಲಿಗೆಗೆ ಕೂತರೆ "ಮಾಲತೀ, ಹದಿನಾಕರ ಸ್ಪ್ಯಾನರ್ ಎಲ್ಲುಂಟು ಕಾಣು" ಎಂದು ಕೂಗುತ್ತಾರೆ. ಮುರಿದದ್ದು ಕೈ, ಕಣ್ಣಲ್ಲವಲ್ಲ.

ಮೇ 3, ಶನಿವಾರ

ಚೌಡಣ್ಣ ಬಂದಿದ್ದ. ಜೊತೆಗೆ ಅವನ ತಮ್ಮ ಈರ, ಈರನ ಹೆಂಡತಿ ನಾಗಿ. ಈರನನ್ನು ನಾನು ನೋಡಿದ್ದು ಇದೇ ಮೊದಲು. ನಲವತ್ತು ದಾಟಿರಲಿಕ್ಕಿಲ್ಲ, ಮುಖ ಮಾತ್ರ ಊದಿಕೊಂಡಿದೆ. ಎರಡೂ ಕಿಡ್ನಿ ಕೈಕೊಟ್ಟಿವೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಕುಮಟೆ ಆಸ್ಪತ್ರೆಯಲ್ಲಿ ರಕ್ತ ಸೋಸುವ ಮಷಿನ್ನಿಗೆ ಹಾಕುತ್ತಾರೆ.

"ಒಂದು ಸರ್ತಿ ತಪ್ಪಿದ್ರೆ ಮೈ ಬಾತ್ಕಂಡ್ ಬತ್ತದೆ. ಎರಡು ಸರ್ತಿ ತಪ್ಪಿದ್ರೆ ಉಸ್ರೇ ಸಿಕ್ಕುದಿಲ್ಲ" ಎಂದಳು ನಾಗಿ. ಅಕ್ಕಿಯ ದರ ಹೇಳುವಷ್ಟು ಸಾವಧಾನವಾಗಿ ಹೇಳಿದಳು.

ಗೋಳಿಕೊಪ್ಪಕ್ಕೂ ರಸ್ತೆಗೂ ನಡುವೆ ಹಳ್ಳ. ಸೇತುವೆ ಇಲ್ಲ. ಪ್ರತಿ ಮಳೆಗಾಲಕ್ಕೆ ಅಡಿಕೆ ಮರದ ಸಂಕ ಕಟ್ಟುತ್ತಾರೆ, ಪ್ರತಿ ಮಳೆಗಾಲ ಅದು ಕೊಚ್ಚಿಹೋಗುತ್ತದೆ. ಕಳೆದ ವರ್ಷ ಈರ ನಾಲ್ಕು ತಿಂಗಳು ಕುಮಟೆಯ ನೆಂಟರ ಜಗಲಿಯಲ್ಲಿ ಮಲಗಿದ್ದ. ಈ ವರ್ಷ ಆ ಮನೆಯೇ ಇಲ್ಲ, ಹೆದ್ದಾರಿ ಅಗಲ ಮಾಡುವಾಗ ಹೋಯಿತು. ಹಾಗಾಗಿ ಲಾರಿಯೇ ಹಳ್ಳ ದಾಟಬೇಕು, ವಾರಕ್ಕೆ ಎರಡು ಸಲ.

"ಸಂಜಯಣ್ಣ, ನಿನ್ ಕೈ ಹೀಂಗಾತಲ್ಲ. ಬೇರೆ ಕಡೆ ಕೊಡ್ಲಾ?" ಎಂದು ಚೌಡಣ್ಣ ಸಂಕೋಚದಿಂದಲೇ ಕೇಳಿದ.

ಇವರು ತಲೆ ಎತ್ತದೆ, "ಎಂತಕೆ? ಮಾಲತಿ ಮಾಡ್ತದೆ. ನಾ ಹೇಳ್ತೆ, ಅದು ಮಾಡ್ತದೆ" ಎಂದುಬಿಟ್ಟರು.

ನನ್ನನ್ನು ಒಂದು ಮಾತು ಕೇಳಿಲ್ಲ. ಚೌಡಣ್ಣ ನನ್ನ ಮುಖ ನೋಡಿದ, ನಾಗಿ ನನ್ನ ಕೈ ನೋಡಿದಳು. ಕೊರಳಲ್ಲಿ ಟೇಪು, ಬೆರಳಲ್ಲಿ ಸೂಜಿ. ಅವರು ಹೋದಮೇಲೆ ಜಗಳವಾಡಿದೆ. ನಾನು ಆಡಿದ್ದೆಲ್ಲ ಕೋಣನ ಮುಂದೆ ಕಿಂದರಿ ಬಾರಿಸಿದ ಹಾಗೆ.

ಮೇ 6, ಮಂಗಳವಾರ

ಭಟ್ಕಳಕ್ಕೆ ಹೋಗಿದ್ದೆವು. ಮುಂದಿನ ಹೌಸಿಂಗ್ ಬೇಕಿತ್ತು. ಮುಂದಿನ ಚಕ್ರ ಎಳೆಯಬೇಕಾದರೆ ಸಾದಾ ಎಕ್ಸೆಲ್ ಸಾಲದು, ಹಿಂದಿನದರ ಹಾಗೆ ಗೇರು ತುಂಬಿದ ಗುಂಡು ಇರುವ ಹೌಸಿಂಗೇ ಬೇಕು. ಗುಜರಿ ಅಂಗಡಿಯ ಸಾಹೇಬರು ಕೆಲಸದವರ ಹತ್ತಿರ ತಮ್ಮ ನವಾಯತಿ ಭಾಷೆಯಲ್ಲಿ, ನಮ್ಮ ಹತ್ತಿರ ಕನ್ನಡದಲ್ಲಿ ಮಾತಾಡುತ್ತ ಮೂರು ತೋರಿಸಿದರು. "ತಿರ್ಗಿಸಿ ಕಾಣು" ಎಂದರು ಇವರು. ತಿರುಗಿಸಿದೆ. ಎರಡನೆಯದರಲ್ಲಿ ಏನೋ ಕಟಕಟ ಅಂದಿತು. "ಇದು ಬೇಡ, ಮೂರ್ನೇದು" ಎಂದೆ. ಇವರು ಮೂರನೆಯದನ್ನೇ ತೆಗೆದುಕೊಂಡರು.

ಬರುವಾಗ ಬಸ್ಸಿನಲ್ಲಿ ನನ್ನ ಸೀರೆಗೆ ಗ್ರೀಸ್. ಪಕ್ಕದ ಹೆಂಗಸು ಎದ್ದು ಬೇರೆ ಕಡೆ ಕೂತಳು.

ಮೇ 14, ಬುಧವಾರ

ಇಡೀ ದಿನ ಲಾರಿಯ ಕೆಳಗೆ. ಇವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಡಗೈಯಲ್ಲಿ ಕೋಲು ಹಿಡಿದು ತೋರಿಸುತ್ತಾರೆ, ಶಾಲೆಯ ಮೇಷ್ಟ್ರ ಹಾಗೆ. ಚೌಡಣ್ಣ ಭಾರ ಎತ್ತುವ ಚೈನ್ ಎಳೆದ, ಪಕ್ಕದ ವೆಲ್ಡಿಂಗ್ ಅಂಗಡಿಯ ವಿನೋದ ಕಮಾನು ಸಿಕ್ಕಿಸುವ ಕಿವಿಗಳನ್ನು ಲಾರಿಯ ಅಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಬೆಸೆದುಕೊಟ್ಟ. ಬೋಲ್ಟ್ ಎಲ್ಲ ನನ್ನದು.

ಒಂದು ವಿಷಯ ಮಾತ್ರ ನಾನಾಗಿಯೇ ಅರ್ಥ ಮಾಡಿಕೊಂಡೆ. ಹೌಸಿಂಗನ್ನು ನೆಟ್ಟಗೆ ಕೂರಿಸಬಾರದು, ಒಂದು ಕೂದಲು ಹಿಂದಕ್ಕೆ ವಾಲಬೇಕು, ಅದಕ್ಕೆ ಕಮಾನಿನ ಕೆಳಗೆ ಬೆಣೆ ಕೊಡಬೇಕು. ಇಲ್ಲವಾದರೆ ತಿರುಗಿಸಿದ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಬ್ಲೌಸಿಗೆ ತೋಳು ಕೂರಿಸುವಾಗಲೂ ಹಾಗೆಯೇ, ಸ್ವಲ್ಪ ಮುಂದಕ್ಕೆ ವಾಲಿಸದಿದ್ದರೆ ಕೈ ಎತ್ತಿದಾಗ ಕಂಕುಳಲ್ಲಿ ಎಳೆಯುತ್ತದೆ. ಹೇಳಿದೆ. "ಹೌದಾ?" ಎಂದು ಇವರು ಬಾಯಿ ತೆರೆದುಕೊಂಡೇ ಕೂತರು.

ಮೇ 15, ಗುರುವಾರ

ಬೆಣೆ ತಿರುವುಮುರುವಾಗಿ ಹಾಕಿದ್ದೆ. ಬೈದರು. ನಾನೂ ಬೈದೆ. ಇಬ್ಬರೂ ಊಟ ಮಾಡಲಿಲ್ಲ. ಮಗಳು ಪವಿತ್ರಾ ಒಬ್ಬಳೇ ಕೂತು ಬಂಗಡೆ ಸಾರು ಮುಗಿಸಿ, "ನಂಗೆ ಭಾರೀ ಅನುಕೂಲ ಆತು" ಎಂದು ಕೈ ತೊಳೆದಳು.

ಮೇ 21, ಬುಧವಾರ

ಎತ್ತರ ಹೊಂದಿಸುವ ಕೆಲಸ. ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿ ಇದೆ, ಚೇಂಬರ್ ಅನ್ನುತ್ತಾರೆ. ಹೌಸಿಂಗಿನ ಗುಂಡು ಸರಿಯಾಗಿ ಅದರ ಅಡಿಗೇ ಬರುತ್ತದೆ. ಗಾಡಿಯ ಮುಂಭಾಗ ಹೊಂಡಕ್ಕೆ ಬಿದ್ದಾಗ ಗುಂಡು ಮೇಲೆ ಬಂದು ಚೇಂಬರಿಗೆ ಬಡಿಯಬಾರದು. ಬಡಿದರೆ ಚೇಂಬರ್ ಒಡೆದು ಎಣ್ಣೆಯೆಲ್ಲ ಹೋಗಿ ಇಂಜಿನ್ ಅಲ್ಲೇ ಸತ್ತಂತೆ. ಅದಕ್ಕೆ ಕಮಾನಿಗೂ ಹೌಸಿಂಗಿಗೂ ನಡುವೆ ಕಬ್ಬಿಣದ ದಪ್ಪ ತುಂಡುಗಳ ಪ್ಯಾಕಿಂಗ್ ಕೊಟ್ಟು ಸಂದು ಬಿಡಬೇಕು.

"ಎಷ್ಟು ಬಿಡುದು?" ಎಂದೆ.

"ನಾಕು ಬೆರಳು. ನಮ್ ಉಸ್ತಾದ್ರೂ ನಾಕೇ ಬೆರಳು ಬಿಡ್ತಿದ್ರು. ಇಪ್ಪತ್ತೈದು ವರ್ಷ ಆತು, ಒಂದು ಗಾಡಿ ವಾಪಸ್ ಬರ್ಲಿಲ್ಲೆ."

ಎರಡು ಪ್ಯಾಕಿಂಗ್ ಕೊಟ್ಟಾಗ ನಾಲ್ಕು ಬೆರಳು ಸರಿಯಾಗಿ ತೂರಿದವು. ಕೂಗಿ ಹೇಳಿದೆ. "ಆತು, ಬಿಗಿ" ಎಂದರು. ಬಿಗಿದೆ. ಪುಸ್ತಕದ ಮುಂದಿನ ಹಾಳೆಯಲ್ಲಿ "ಚೇಂಬರ್ ಸಂದು, ನಾಲ್ಕು ಬೆರಳು" ಎಂದು ಬರೆದು ಕೆಳಗೆ ಗೆರೆ ಎಳೆದೆ.

ಇವತ್ತು ಒಂದೂ ಬ್ಲೌಸ್ ಮುಟ್ಟಿಲ್ಲ. ನಾಳೆ ಹೊಲಿಯಲೇಬೇಕು.

ಮೇ 26, ಸೋಮವಾರ

ಈ ವರ್ಷ ಮಳೆಗೆ ಎಂತ ಅವಸರವೋ. ಮೇ ತಿಂಗಳಲ್ಲೇ ಧೋ ಎಂದು ಹೊಡೆಯುತ್ತಿದೆ. ನಿನ್ನೆ ಹೊಲಿಗೆಗೆ ಕೂತವಳು ಮೂರು ಸಲ ಎದ್ದುಹೋಗಿ ಲಾರಿ ನೋಡಿ ಬಂದೆ. ಇಂಜಿನ್ನಿನ ಎಳೆತವನ್ನು ಮುಂದಿನ ಚಕ್ರಕ್ಕೆ ಮುಟ್ಟಿಸುವ ಪ್ರೊಪೆಲರ್ ಶಾಫ್ಟ್ ಇನ್ನೂ ಬಂದಿಲ್ಲ. ಇಲ್ಲಿ ಹೊನ್ನಾವರದಲ್ಲಿ ಮಳೆ ಬಿದ್ದರೆ ನನಗೆ ಗೋಳಿಕೊಪ್ಪದ ಹಳ್ಳವೇ ನೆನಪಾಗುತ್ತದೆ, ನಾನು ನೋಡಿಯೂ ಇಲ್ಲದ ಹಳ್ಳ. ನಾಳೆ ಮಂಗಳವಾರ. ಸಂಕದ ಮೇಲೆ ಈರನನ್ನು ಹೊತ್ತು ದಾಟಿಸುತ್ತಾರಂತೆ.

ಜೂನ್ 2, ಸೋಮವಾರ

ಇಲ್ಲೇ ಪಕ್ಕದ ಕಾಸರಕೋಡಿನ ಕಡಲತೀರದ ಮರಳಿನಲ್ಲಿ ಓಡಿಸಿ ನೋಡಿದೆವು. ಮೀನುಗಾರಿಕೆ ಬಂದ್, ದೋಣಿಗಳೆಲ್ಲ ಮೇಲೆ ಬಂದಿವೆ. ದೋಣಿಯ ಜನ ಸುತ್ತ ನಿಂತು ತಮಾಷೆ ನೋಡಿದರು. ಚೌಡಣ್ಣ ಮೊದಲು ಹಿಂದಿನ ಚಕ್ರ ಮಾತ್ರ ಹಾಕಿ ಓಡಿಸಿದ. ಹತ್ತು ಮಾರು ಹೋಗಿ ಹೂತುಕೊಂಡಿತು. ಆಮೇಲೆ ಮುಂದಿನದನ್ನೂ ಹಾಕಿದ. ಒಂದು ಸಲ ನಡುಗಿತು. ಮುಂದಿನ ಚಕ್ರಗಳು ಮರಳನ್ನು ಬಾಚಿಕೊಂಡು ಮೇಲೆ ಬಂದುಬಿಟ್ಟವು.

ನಾನು ಚಪ್ಪಾಳೆ ಹೊಡೆದೆನಂತೆ. ಪವಿತ್ರಾ ಹೇಳಿದಳು, ನನಗೆ ನೆನಪಿಲ್ಲ.

ಸಂಕ ನಿನ್ನೆ ಸಂಜೆ ಕೊಚ್ಚಿಹೋಯಿತು ಎಂದ ಚೌಡಣ್ಣ. ಗಾಡಿಗೆ ಇನ್ನೂ ಎರಡು ದಿನದ ಕೆಲಸವಿದೆ, ನಾಳೆ ಈರನಿಗೆ ತಪ್ಪುತ್ತದೆ. ಶುಕ್ರವಾರ ತಪ್ಪಬಾರದು.

ಜೂನ್ 5, ಗುರುವಾರ

ಲಾರಿ ಹೋಯಿತು. ಪೀಡೆ ತೊಲಗಿತು. ಗ್ಯಾರೇಜು ಗುಡಿಸಿದೆ, ಚಿರೆಕಲ್ಲು ಪಕ್ಕಕ್ಕೆ ಜೋಡಿಸಿದೆ. ಇನ್ನು ನನ್ನ ಮಷಿನ್ನು, ನನ್ನ ಬಟ್ಟೆ.

ಮಧ್ಯಾಹ್ನ ಹೆದ್ದಾರಿಯಲ್ಲಿ ಒಂದು ಗಾಡಿ ಹೋಯಿತು. ಎಡಗಡೆ ಮುಂದಿನ ಕಮಾನಿನ ಕೊಂಡಿ, ಆ ಶಾಕಲ್, ಕಿರ್ ಅನ್ನುತ್ತಿತ್ತು, ಗ್ರೀಸ್ ಕಾಣದೆ ವರ್ಷ ಆಗಿರಬೇಕು. ಜನ ಎಂಥೆಂಥ ಗಾಡಿ ಓಡಿಸುತ್ತಾರೋ.

ಜೂನ್ 10, ಮಂಗಳವಾರ

ಶುಕ್ರವಾರವೂ ದಾಟಿದರು, ಇವತ್ತೂ ದಾಟಿದರು. ಚೌಡಣ್ಣ ಆಸ್ಪತ್ರೆಯಿಂದ ಮರಳುವಾಗ ಗ್ಯಾರೇಜಿನವರೆಗೆ ಬಂದು ಬಸಳೆ, ಮೊಗೆಕಾಯಿ ಇಳಿಸಿ ಹೋದ. ಈರ ಮುಂದಿನ ಸೀಟಿನಲ್ಲಿ ಕೂತಿದ್ದ, ಮುಖದ ಊತ ಇಳಿದಿತ್ತು. ಕಿಟಕಿಯಿಂದ ಕೈ ಎತ್ತಿದ.

ಇವರು ಬಂದವರಿಗೆಲ್ಲ ಹೇಳುತ್ತಿದ್ದಾರೆ. ಹಾಲಿನವನಿಗೆ, ವಿನೋದನಿಗೆ, ಟಯರಿಗೆ ಗಾಳಿ ಹೊಡೆಸಲು ಬಂದ ಯಾವುದೋ ಅಪರಿಚಿತನಿಗೂ. "ಮುಂದಿನ್ದು ಪೂರಾ ಮಾಲ್ತಿದು. ನಾ ಕುರ್ಚಿಲಿ ಕೂತಿದ್ದೆ ಅಷ್ಟೇ." ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ನನ್ನ ಅಡಿಗೆಯ ಬಗ್ಗೆ ಇಷ್ಟು ಮಾತಾಡಿದ್ದಿಲ್ಲ. ಸುಳ್ಳೇಕೆ ಹೇಳಲಿ, ಖುಷಿಯಾಯಿತು.

ಜೂನ್ 11, ಬುಧವಾರ

ಪ್ಲಾಸ್ಟರ್ ತೆಗೆದರು. ಕೈ ಬಿಳಿಚಿಕೊಂಡು ಒಣಗಿದ ಹಾಗಿದೆ. ದಿನಾ ಎಣ್ಣೆ ಹಚ್ಚಿ ತಿಕ್ಕಬೇಕು ಎಂದಿದ್ದಾರೆ. ಮಧ್ಯಾಹ್ನ ಜಗಲಿಯಲ್ಲಿ ಕೂತು ಅವರ ಅಂಗೈಯನ್ನು ನನ್ನ ಅಂಗೈಯ ಮೇಲೆ ಇಟ್ಟುಕೊಂಡು ಎಣ್ಣೆ ಹಚ್ಚುತ್ತಿದ್ದೆ.

ಸೊರಗಿದ ಕೈ. ಆದರೂ ಅದರ ಅಡಿಯಲ್ಲಿ ನನ್ನ ಬೆರಳುಗಳು ಕಾಣಲೇ ಇಲ್ಲ.

ಎದ್ದು ಒಳಗೆ ಹೋದೆ. ಟೇಪು ತೆಗೆದು ನನ್ನ ನಾಲ್ಕು ಬೆರಳು ಅಳೆದೆ. ಎರಡೂ ಮುಕ್ಕಾಲು ಇಂಚು. ಮತ್ತೆ ಬಂದು, ಸುಮ್ಮನೆ ಎನ್ನುವ ಹಾಗೆ ಅವರದ್ದನ್ನೂ ಅಳೆದೆ. ಮೂರೂವರೆ. "ಬಳೆ ತಕ್ಕೊಳ್ಳುಕಾ?" ಎಂದು ನಕ್ಕರು.

ಚಾಸಿಯಿಂದ ಇಳಿಬಿದ್ದ ರಬ್ಬರ್ ಒಂದಿದೆ. ಕಮಾನು ಮೂರು ಇಂಚು ಮೇಲೆ ಬಂದಮೇಲೆ ಅದು ತಡೆಯುತ್ತದೆ. ಅವರ ನಾಲ್ಕು ಬೆರಳಿನ ಸಂದು ಇದ್ದರೆ ರಬ್ಬರ್ ಮೊದಲು ತಡೆಯುತ್ತದೆ, ಗುಂಡು ಚೇಂಬರನ್ನು ಮುಟ್ಟುವುದೇ ಇಲ್ಲ. ನನ್ನ ನಾಲ್ಕು ಬೆರಳಿನ ಸಂದಿನಲ್ಲಿ ಚೇಂಬರೇ ಮೊದಲು ಸಿಗುತ್ತದೆ. ಮೂರನೇ ಪ್ಯಾಕಿಂಗ್ ಬೇಕಿತ್ತು.

ನಾನು ಟೈಲರ್. ಇಪ್ಪತ್ತು ವರ್ಷದಿಂದ ಊರವರ ಮೈ ಅಳೆಯುತ್ತಿದ್ದೇನೆ. ಆ ದಿನ ಲಾರಿಯ ಕೆಳಗೆ ಮಲಗಿದಾಗಲೂ ಟೇಪು ಕೊರಳಲ್ಲೇ ಇತ್ತು.

ಜೂನ್ 12, ಗುರುವಾರ

ಹೇಳಲಿಲ್ಲ.

ಮರಳಿನಲ್ಲಿ ಏನೂ ಆಗಲಿಲ್ಲವಲ್ಲ. ಎರಡು ಸಲ ಹಳ್ಳ ದಾಟಿದೆ, ಆಗಲೂ ಏನೂ ಆಗಲಿಲ್ಲ. ದೊಡ್ಡ ಹೊಂಡಕ್ಕೆ ಬಿದ್ದರೆ ಮಾತ್ರ ತಾನೇ. ಹಳ್ಳದಲ್ಲಿ ಕಲ್ಲಿನ ಹಾಸು ಇದೆ, ಹೊಂಡವಿಲ್ಲ ಎಂದು ಚೌಡಣ್ಣನೇ ಹೇಳಿದ್ದ. ಮುಂದಿನ ವಾರ ಗ್ರೀಸ್ ಹೊಡೆಯಲಿಕ್ಕೆಂದು ಕರೆಸಿ ಮೆಲ್ಲಗೆ ಪ್ಯಾಕಿಂಗ್ ಕೊಟ್ಟುಬಿಟ್ಟರಾಯಿತು. ಯಾರಿಗೂ ತಿಳಿಯುವುದು ಬೇಡ.

ಇವರು ಮೊನ್ನೆಯಷ್ಟೇ ಅಷ್ಟು ಜನರ ಮುಂದೆ ಹೇಳಿದ್ದಾರೆ. ಈಗ ಹೋಗಿ ಏನೆಂದು ಹೇಳಲಿ? ಅವರ ಮುಖ ಹೇಗಾಗಬಹುದು ಎಂಬ ಚಿಂತೆ. ನನ್ನ ಮುಖದ ಚಿಂತೆಯೂ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ.

ಜೂನ್ 13, ಶುಕ್ರವಾರ

ಬೆಳಿಗ್ಗೆ ಏಳರಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಗೂ ಗ್ಯಾರೇಜಿಗೂ ತಿರುಗಿದೆ. ಫೋನು ಎರಡು ಸಲ ಕೈಗೆ ತೆಗೆದುಕೊಂಡೆ, ಎರಡು ಸಲವೂ ಇಟ್ಟೆ. ಎಂಟಕ್ಕೆ ಹೊಲಿಗೆಗೆ ಕೂತೆ. ಬ್ಲೌಸಿಗೆ ಹುಕ್ಕು ಹಾಕಿದೆ, ಆರು ಹುಕ್ಕು. ಎಲ್ಲವನ್ನೂ ತಪ್ಪು ಬದಿಗೆ ಹಾಕಿದ್ದೆ. ಬಿಚ್ಚಿದೆ.

ಹತ್ತೂವರೆಗೆ ಚೌಡಣ್ಣ ಇವರಿಗೆ ಫೋನ್ ಮಾಡಿ ಮಷಿನ್ನಿಗೆ ಹಾಕಿದರು ಎಂದನಂತೆ. ದಾಟಿದರು. ನೋಡು, ಏನೂ ಆಗುವುದಿಲ್ಲ.

ಜೂನ್ 15, ಭಾನುವಾರ

ಮಳೆ. ಅನ್ನ ಸೇರುತ್ತಿಲ್ಲ. ನೀರು ಜೋರಾದರೆ ಕಲ್ಲುಗಳು ಉರುಳಿ ಹಳ್ಳದ ತಳದಲ್ಲಿ ಹೊಂಡ ಬೀಳುತ್ತದೆಯೇ ಎಂದು ವಿನೋದನನ್ನು ಕೇಳಿದೆ. "ಬೀಳದೆ? ಆಳೆತ್ತರದ್ದು ಬೀಳ್ತದೆ" ಎಂದ. ಯಾಕೆ ಕೇಳಿದೆನೋ.

ಜೂನ್ 17, ಮಂಗಳವಾರ

ಮಧ್ಯಾಹ್ನ ಮೂರು ಗಂಟೆ. ಆದದ್ದನ್ನೆಲ್ಲ ಬರೆಯುತ್ತೇನೆ.

ಬೆಳಿಗ್ಗೆ ಆರೂವರೆಗೆ ಫೋನು. ಇವರು ಚಾ ಕುಡಿಯುತ್ತಿದ್ದರು. ಚೌಡಣ್ಣ ಕರೆ ಮಾಡಿದ್ದು ನನ್ನ ಫೋನಿಗೆ. ಹಿಂದೆ ನೀರಿನ ಸದ್ದು ಎಷ್ಟಿತ್ತೆಂದರೆ ಅವನು ಕೂಗಿಯೇ ಮಾತಾಡಬೇಕಾಯಿತು.

"ಮಾಲ್ತಕ್ಕ, ನೀರು ಏರದೆ. ನಡೂಗಿನ ಕಲ್ಲು ಕಾಣುದಿಲ್ಲ. ಗಾಡಿ ಇಳಿಸುದಾ, ಬೇಡ್ವಾ? ಈರನ ಕೂರ್ಸಿ ಆಗದೆ. ಸಂಜಯಣ್ಣನ ಕೇಳಿ ಹೇಳು."

ಇವರಿಗೆ ಕೇಳಿಸಿತ್ತು. "ಇಳ್ಸು ಅನ್ನು. ನೀರು ಚಕ್ರದ ನಡೂಗೆ ಬಂದ್ರೂ ಹೋತದೆ. ಗಾಡಿ ಗಟ್ಟಿ ಅದೆ" ಎಂದರು.

ಅಷ್ಟು ಹೇಳಿದರೆ ಮುಗಿಯುತ್ತಿತ್ತು. ಅವರು ಹೇಳಿದ್ದನ್ನೇ ಹೇಳಿದ ಹಾಗೂ ಆಗುತ್ತಿತ್ತು. ಬಾಯಿ ತೆರೆದಾಗ ನಾನು ಯಾವುದನ್ನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

"ಇಳಿಸ್ಬೇಡ ಚೌಡಣ್ಣ. ಮುಂದಿನ ಕೆಲ್ಸದಲ್ಲಿ ನಂದೊಂದು ತಪ್ಪದೆ. ಚೇಂಬರಿಂದು ಸಂದು ಕಮ್ಮಿ ಬಿಟ್ಟಿದ್ದೆ. ಹೊಂಡಕ್ಕೆ ಬಿದ್ರೆ ಒಡೀತದೆ. ನೀರ್ ನಡೂಗೆ ಇಂಜಿನ್ ನಿಲ್ತದೆ."

ಈ ಕಡೆ ಇವರು ಚಾದ ಲೋಟ ಕೆಳಗಿಟ್ಟದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

"ಹಾಂಗಾರೆ ಇವತ್ತು ಹೋಗುಲೆ ಆಗುದಿಲ್ವ?" ಎಂದ ಚೌಡಣ್ಣ.

"ಆಗ್ತದೆ. ನಾ ಹೇಳ್ದ ಹಾಂಗೆ ಮಾಡು. ಗಟ್ಟಿ ಮರ ಅದೆಯಾ ಮನೇಲಿ? ಮತ್ತಿ ಮರದ್ದು?"

ಇತ್ತು. ಕಮಾನಿನ ನಡುವೆ ಯು-ಬೋಲ್ಟ್ ಬಿಗಿದ ಜಾಗ ಇದೆ, ಅದರ ನೆತ್ತಿಗೆ ಸರಿಯಾಗಿ ಚಾಸಿಯಿಂದ ರಬ್ಬರ್ ಇಳಿದಿದೆ. ಆ ಎರಡರ ನಡುವೆ ಕಮಾನಿನ ಮೇಲೆ ಮರದ ತುಂಡು ಇಟ್ಟು ತಂತಿಯಿಂದ ಬಿಗಿ, ಎರಡೂ ಬದಿಗೆ ಎಂದೆ. ಆಗ ಕಮಾನು ಅಷ್ಟು ಬೇಗ ತಡೆಯುತ್ತದೆ, ಗುಂಡು ಚೇಂಬರಿನವರೆಗೆ ಹೋಗುವುದಿಲ್ಲ.

"ಎಷ್ಟು ದಪ್ಪ? ಎರಡು ಬೆರಳು?" ಎಂದ.

"ಬೆರಳು ಬೇಡ!" ನಾನು ಕಿರುಚಿಯೇಬಿಟ್ಟೆ. "ಬೆಂಕಿಪೊಟ್ಣ ಅದೆಯಾ? ಅದ್ರ ಅಗಲದಷ್ಟು. ಉದ್ದ ಅಲ್ಲ, ಅಗಲ. ಅದ್ಕಿಂತ ಕಮ್ಮಿ ಬೇಡ."

ಐದು ನಿಮಿಷದಲ್ಲಿ ಅವನೇ ಮತ್ತೆ ಫೋನ್ ಮಾಡಿದ. ಲಾರಿಯ ಕೆಳಗಿನಿಂದ ಮಾತಾಡುತ್ತಿದ್ದ. "ಮಾಲ್ತಕ್ಕ, ಚೇಂಬರಿಗೆ ಮೊದ್ಲೇ ಒಂದು ನೆಗ್ಗು ಬಿದ್ದದೆ. ಹೊಸ್ತು. ಶುಕ್ರವಾರ ಎಂತೋ ಟಕ್ ಅಂದಿತ್ತು, ಕಲ್ಲು ತಾಗ್ತು ಅಂತ ಮಾಡಿದ್ದೆ."

"ಎಣ್ಣೆ ಹನೀತದಾ?" ಎಂದೆ. "ಇಲ್ಲ." "ಮರ ಕಟ್ಟು. ನಾವು ಬತ್ತೊ."

ಸ್ಕೂಟರ್ ನಾನು ಓಡಿಸಿದೆ, ಇವರು ಹಿಂದೆ. ಮಳೆ ಮುಖಕ್ಕೆ ಬಡಿಯುತ್ತಿತ್ತು. ಹೆದ್ದಾರಿ ಬಿಟ್ಟು ಒಳರಸ್ತೆಗೆ ತಿರುಗಿದೆವು. ಆಮೇಲೆ, "ಯಾವಾಗ ಗೊತ್ತಾತು?" ಎಂದರು.

"ಬುಧವಾರ. ಎಣ್ಣೆ ಹಚ್ಚುವಾಗ."

"ಬೆರಳ ಲೆಕ್ಕ ಹೇಳಿದ್ದು ನಾನು."

"ಟೇಪು ಇದ್ದದ್ದು ನನ್ನ ಹತ್ರ."

"ಬುಧವಾರ್ವೇ ಹೇಳ್ಬೇಕಿತ್ತು ಮಾರಾಯ್ತಿ."

"ನಿಮ್ಮ ಕೆಲ್ಸ ಹಾಳಾತು ಅಂತ ಜನ ಆಡ್ಕಂಬುದು ಬೇಡ ಅಂತ..."

"ಯಾರ ಕೆಲ್ಸ?" ಎಂದರು. ಗಾಳಿಗೆ ಸರಿಯಾಗಿ ಕೇಳಿಸಲಿಲ್ಲ, ನಾನು ಸ್ಕೂಟರಿನ ವೇಗ ಏರಿಸಿದೆ.

ಹಳ್ಳವನ್ನು ಮೊದಲ ಸಲ ನೋಡಿದೆ. ಕೆಮ್ಮಣ್ಣಿನ ನೀರು, ಮೂವತ್ತು ಮಾರು ಅಗಲ. ಆಚೆ ದಡದಲ್ಲಿ ಲಾರಿ, ಅದರ ಕೆಳಗಿನಿಂದ ಚೌಡಣ್ಣನ ಕಾಲು. ಎದ್ದು ಬಂದು ಎರಡೂ ಕೈ ಎತ್ತಿ ತೋರಿಸಿದ, ಆಯಿತು ಎಂದು. ಮುಂದಿನ ಸೀಟಿನಲ್ಲಿ ಈರ, ಅವನನ್ನು ಒತ್ತಿಕೊಂಡು ನಾಗಿ. ಕುಲುಕಾಟ ಜಾಸ್ತಿಯಾಗುತ್ತದೆಂದು ಹೇಳಿದ್ದೆ, ಅವನ ಅಡಿಗೆ ಕೌದಿ ಹಾಸಿದ್ದರು. ಎಂಟು ಗಂಟೆ ಹತ್ತು ನಿಮಿಷ. ನಾನು ಇಳಿಸು ಎಂದು ಕೈ ಬೀಸಿದೆ.

ನೀರು ಚಕ್ರದ ನಡು ದಾಟಿತು. ಅರ್ಧಕ್ಕೆ ಬಂದಾಗ ಎಡ ಮುಂಭಾಗ ಧಸಕ್ಕೆಂದು ಕೆಳಗೆ ಹೋಯಿತು. ಲೈಟು ನೀರೊಳಗೆ ಮುಳುಗಿತು. ಮರದ ಮೇಲೆ ರಬ್ಬರ್ ಬಡಿದ ಸದ್ದು ಈ ದಡಕ್ಕೂ ಕೇಳಿಸಿತು. ಇಂಜಿನ್ ನಿಲ್ಲಲಿಲ್ಲ. ಮುಂದಿನ ಚಕ್ರ ಹುಡುಕಿತು, ಹುಡುಕಿತು, ಕಚ್ಚಿಕೊಂಡಿತು. ಮೂತಿ ಮೇಲೆ ಬಂತು. ಇವರು ನನ್ನ ತೋಳನ್ನು ಆ ಮುರಿದ ಕೈಯಿಂದಲೇ ಹಿಡಿದಿದ್ದರು, ನೋವಾಗಲಿಲ್ಲವೋ ಏನೋ.

ದಡ ಹತ್ತಿದ ಕೂಡಲೇ ನಾನು ಕೆಸರಿನಲ್ಲಿ ಮಲಗಿ ಕೆಳಗೆ ಹೋದೆ. ಚೇಂಬರ್ ಒಣಗಿತ್ತು, ಎಣ್ಣೆಯ ಹನಿ ಇಲ್ಲ. ಎಡಬದಿಯ ಮರದಲ್ಲಿ ರಬ್ಬರ್ ಕೂತಿರುವ ಕಬ್ಬಿಣದ ಬಟ್ಟಲು ಒತ್ತಿ ಅರ್ಧ ಇಂಚು ಕಚ್ಚು ಬಿದ್ದಿತ್ತು. ಚೇಂಬರಿನ ಮೇಲೆ ಶುಕ್ರವಾರದ ನೆಗ್ಗು, ಕೈ ಹಾಕಿ ಮುಟ್ಟಿದೆ. ತೆಳ್ಳಗಿನ ತಗಡು. ಇನ್ನೊಂದು ಪೆಟ್ಟು ಸಾಕಿತ್ತು.

ಹೊರಗೆ ಬಂದಾಗ ನಾಗಿ ಎದುರಿಗೆ ನಿಂತಿದ್ದಳು.

"ನಿಂಗೆ ಎಂದು ಗೊತ್ತಾತು?" ಎಂದಳು.

"ಬುಧವಾರ."

ಅವಳು ನನ್ನನ್ನು ನೋಡಿದಳು. ಬೈಯಲಿಲ್ಲ. "ಶುಕ್ರವಾರ ನಾವು ಇದ್ರಲ್ಲೇ ದಾಟಿದ್ವಲ್ಲೆ" ಎಂದಳು. ಅಷ್ಟೇ. ತಿರುಗಿ ಹೋಗಿ ಗಾಡಿ ಹತ್ತಿದಳು.

ಬೈದಿದ್ದರೆ ಚೆನ್ನಾಗಿತ್ತು. ಕೆನ್ನೆಗೆ ಒಂದು ಬಿಟ್ಟಿದ್ದರೂ ತಡೆದುಕೊಳ್ಳುತ್ತಿದ್ದೆ. ಶುಕ್ರವಾರ ಅವರು ನೀರಿನಲ್ಲಿದ್ದಾಗ ನಾನು ಹುಕ್ಕು ಹಾಕುತ್ತಿದ್ದೆ.

ಒಂಬತ್ತು ನಲವತ್ತಕ್ಕೆ ಈರನನ್ನು ಮಷಿನ್ನಿಗೆ ಹಾಕಿದರು. ಸಂಜೆ ಲಾರಿಯನ್ನು ಗ್ಯಾರೇಜಿಗೆ ತಂದುಬಿಡು, ನೀವು ಮೂವರೂ ನಮ್ಮಲ್ಲೇ ಇರಿ ಎಂದು ಚೌಡಣ್ಣನಿಗೆ ಹೇಳಿ ಬಂದೆ.

ಜೂನ್ 18, ಬುಧವಾರ

ಮೂರನೇ ಪ್ಯಾಕಿಂಗ್ ಹಾಕಿದೆ. ಉದ್ದದ ಯು-ಬೋಲ್ಟ್ ಹಾಕಿದೆ. ಚೇಂಬರಿನ ನೆಗ್ಗು ತೆಗೆಸಿದೆ. ಸಂದು ಮೂರೂವರೆ ಇಂಚು, ಸ್ಕೇಲಿನಲ್ಲಿ ಮೂರು ಸಲ. ಎತ್ತರ ಬದಲಾದ್ದರಿಂದ ಸ್ಟೇರಿಂಗ್ ರಾಡನ್ನೂ ಹೊಂದಿಸಬೇಕಾಯಿತು. "ಇಷ್ಟು ಸಾಕು" ಎಂದರು ಇವರು. "ಸಾಲ್ದು" ಎಂದೆ. ಮತ್ತೆ ಬಿಚ್ಚಿದೆ.

ಈರ, ನಾಗಿ ಒಳಕೋಣೆಯಲ್ಲಿದ್ದರು. ಊಟಕ್ಕೆ ಬಡಿಸುವಾಗ ನಾಗಿ ನನ್ನ ಹತ್ತಿರ ಮಾತಾಡಲಿಲ್ಲ, ಪವಿತ್ರಾ ಹತ್ತಿರ ಆಡಿದಳು.

ಜೂನ್ 20, ಶುಕ್ರವಾರ

ಪುಸ್ತಕ ಗ್ಯಾರೇಜಿನಲ್ಲೇ ಉಳಿಯಿತು. ಇದು ಈರನ ಆಸ್ಪತ್ರೆ ಚೀಟಿಯ ಹಿಂಬದಿ, ಆಮೇಲೆ ಅಂಟಿಸಬೇಕು.

ಮೂರು ದಿನ ನಮ್ಮ ಮನೆಯಲ್ಲಿದ್ದವರು ಇವತ್ತು ಮಷಿನ್ ಮುಗಿಸಿ ಊರಿಗೆ ಹೊರಟರು. ಗಾಡಿ ನೋಡಲು ಕುಮಟೆಗೆ ಇವರ ಜೊತೆ ಸ್ಕೂಟರಿನಲ್ಲಿ ನಾನೂ ಹೋಗಿದ್ದೆ. ಮಳೆ ಬಿಟ್ಟಿರಲಿಲ್ಲ. ಹಳ್ಳ ಮಂಗಳವಾರಕ್ಕಿಂತ ಏರಿದೆ ಎಂದು ಫೋನ್ ಬಂದಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಚೌಡಣ್ಣ ಈರನನ್ನು ಎತ್ತಿ ಕೂರಿಸಿದ. ನಾಗಿ ಒಂದು ಕಾಲನ್ನು ಮೆಟ್ಟಿಲಿಗೆ ಇಟ್ಟವಳು ಹಾಗೆಯೇ ನಿಂತಳು. ಚೌಡಣ್ಣನ ಕಡೆ ನೋಡಲಿಲ್ಲ, ಇವರ ಕಡೆಯೂ ನೋಡಲಿಲ್ಲ. ನನ್ನ ಕಡೆ ತಿರುಗಿದಳು.

"ಹತ್ಲಾ?" ಎಂದಳು.

ಜನ ನೋಡುತ್ತಿದ್ದರು. ನಾನು ಆಸ್ಪತ್ರೆಯ ಅಂಗಳದಲ್ಲಿ ನೀರಿನ ಮೇಲೆಯೇ ಮಲಗಿ ಇನ್ನೊಂದು ಸಲ ಕೆಳಗೆ ಹೋದೆ. ಬೋಲ್ಟ್ ಒಂದೊಂದನ್ನೂ ಮುಟ್ಟಿದೆ, ಸ್ಕೇಲು ಇಟ್ಟು ನೋಡಿದೆ. ಎದ್ದು ಬಂದು ಕೈ ಒರೆಸಿಕೊಂಡೆ.

"ಹತ್ತು" ಎಂದೆ.

ಅವಳು ಹತ್ತಿದಳು. ಇವರು ಸ್ಕೂಟರಿನ ಕೀಲಿಗೆ ಕೈ ಚಾಚಿದರು, ಹೋಗೋಣ ಎನ್ನುವ ಹಾಗೆ. ನಾನು ಕೀಲಿಯನ್ನು ಅವರ ಅಂಗೈಗೆ ಹಾಕಿ, ಲಾರಿಯ ಹಿಂಬದಿಯ ಹಲಗೆ ಹಿಡಿದು ಮೇಲೆ ಹತ್ತಿದೆ.

ಇದನ್ನು ಹಳ್ಳದಾಚೆ ಗೋಳಿಕೊಪ್ಪದಲ್ಲಿ ಕೂತು ಬರೆಯುತ್ತಿದ್ದೇನೆ.